164ಕ್ಕೆ ಹೋಗಬೇಡಿ: ಆಳವಾದ ಪೌಡರ್‌ಗೆ ಫ್ರೀರೈಡ್ ಸ್ನೋಬೋರ್ಡ್ ಆರಿಸುವ ಬಗೆ

ಪ್ರಶ್ನೆ: ನಾನು ಮೈಸೂರಿನವನು, ಕೆಲಸದ ಮೇಲೆ ಸಿಯಾಟಲ್ ಪಕ್ಕದ ರೆಡ್ಮಂಡ್‌ನಲ್ಲಿದ್ದೇನೆ. ಸ್ನೋಬೋರ್ಡಿಂಗ್‌ಗೆ ವಾರಾಂತ್ಯಗಳಲ್ಲಿ ಸ್ಟೀವನ್ಸ್ ಪಾಸ್, ಆಗೊಮ್ಮೆ ಈಗೊಮ್ಮೆ ಮೌಂಟ್ ಬೇಕರ್. ಬ್ಲ್ಯಾಕ್ ಡೈಮಂಡ್ ಎಂಬ ಕಠಿಣ ದರ್ಜೆಯ ಇಳಿಜಾರುಗಳಲ್ಲಿ ತೊಂದರೆಯಿಲ್ಲ. ಆದರೆ ಮೊಣಕಾಲುದ್ದ ಪೌಡರ್, ಅಂದರೆ ಮೆತ್ತನೆಯ ಹೊಸ ಹಿಮ, ಬಿದ್ದ ದಿನ ಬೋರ್ಡಿನ ಮೂತಿ ಒಳಗೆ ಹೋಗುತ್ತದೆ, ಹಿಂದಿನ ತೊಡೆ ಉರಿಯುತ್ತದೆ, ಮರಗಳ ನಡುವೆ ಸಮಯಕ್ಕೆ ತಿರುಗಲು ಆಗುವುದಿಲ್ಲ. ಈಗಿರುವುದು 156 ಸೆಂ.ಮೀ. ಟ್ವಿನ್ (ಮೂತಿ, ಬಾಲ ಒಂದೇ ಆಕಾರದ) ಬೋರ್ಡ್, ಪೂರ್ತಿ ಕ್ಯಾಂಬರ್ (ನಡು ಕಮಾನಿನಂತೆ ಮೇಲೆದ್ದದ್ದು), ಸೊಂಟದ (ಬೋರ್ಡಿನ ಅತಿ ಕಿರಿದಾದ ಜಾಗದ) ಅಗಲ 25.0 ಸೆಂ.ಮೀ. ನನ್ನ ತೂಕ 74 ಕೆ.ಜಿ., ಎತ್ತರ 175 ಸೆಂ.ಮೀ., ಬೂಟು ಅಮೆರಿಕದ 9ನೇ ಸೈಜು. ಜನವರಿ ಕೊನೆಗೆ ಒಂದು ವಾರ ಜಪಾನಿನ ನಿಸೆಕೊಗೆ ಹೋಗಲಿದ್ದೇನೆ. ಅಂಗಡಿಯವರು 164 ತಗೊಳ್ಳಿ ಎನ್ನುತ್ತಾರೆ, ಗೆಳೆಯ 152ರ ಅಗಲದ ಕುಳ್ಳ ಬೋರ್ಡು ಎನ್ನುತ್ತಾನೆ, ಇನ್ನೊಬ್ಬ ಬಾಲ ಸೀಳಿದ ಸ್ವಾಲೋಟೇಲ್ ಎನ್ನುತ್ತಾನೆ. ಯಾವುದು ಸರಿ? ಸೆಕೆಂಡ್ ಹ್ಯಾಂಡ್ ತಗೊಂಡರೆ ನಡೆಯುತ್ತದೆಯೇ?

ಉತ್ತರ: ಮೊದಲು ಅಂಕಿಗಳನ್ನೇ ಹೇಳಿಬಿಡುತ್ತೇವೆ. ನಿಮಗೆ ಬೇಕಾದದ್ದು 157ರಿಂದ 159 ಸೆಂ.ಮೀ. ಉದ್ದದ, ಒಂದೇ ದಿಕ್ಕಿಗೆಂದು ಮಾಡಿದ ಫ್ರೀರೈಡ್ (ಸಮಗೊಳಿಸದ ಹಿಮದ ಸವಾರಿಯ) ಬೋರ್ಡ್. ಸೊಂಟದ ಅಗಲ 25.5ರಿಂದ 26 ಸೆಂ.ಮೀ., ಟೇಪರ್ (ಮೂತಿಗಿಂತ ಬಾಲ ಎಷ್ಟು ಕಿರಿದು ಎಂಬ ಅಳತೆ) 12ರಿಂದ 20 ಮಿ.ಮೀ. ಇರಲಿ. ಮೂತಿಯಲ್ಲಿ ರಾಕರ್ (ಮೇಲಕ್ಕೆ ಬಾಗಿದ್ದು), ಎರಡು ಕಾಲುಗಳ ನಡುವೆ ಕ್ಯಾಂಬರ್, ಹತ್ತಕ್ಕೆ ಆರು ಅಥವಾ ಏಳರ ಬಿಗುವು, ಸುಮಾರು 8 ಮೀಟರ್ ಸೈಡ್‌ಕಟ್ (ಅಂಚಿನ ಒಳಬಾಗಿನ ತ್ರಿಜ್ಯ). 164 ಬೇಡ. 152ರ ಕುಳ್ಳ ಬೋರ್ಡು ಕೆಟ್ಟದ್ದೇನಲ್ಲ, ಆದರೆ ಅದು ನಿಮ್ಮ ಎರಡನೆಯ ಬೋರ್ಡ್ ಆಗಬೇಕು. ಸ್ವಾಲೋಟೇಲ್ ಮೂರನೆಯದು, ಅದೂ ಮನಸ್ಸಿದ್ದರೆ.

ಆದರೆ ಕಾಸು ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ, ಅದಕ್ಕೆ ಖರ್ಚಿಲ್ಲ. ಈಗಿನ ಬೋರ್ಡಿನಲ್ಲಿ ಬೂಟು ಕಟ್ಟುವ ಎರಡೂ ಬೈಂಡಿಂಗ್‌ಗಳನ್ನು 4 ಸೆಂ.ಮೀ. ಬಾಲದ ಕಡೆಗೆ ಸರಿಸಿ. ಬೈಂಡಿಂಗಿನ ಸ್ಕ್ರೂ ಕೂರುವ ಇನ್ಸರ್ಟ್ ರಂಧ್ರಗಳು 2 ಸೆಂ.ಮೀ. ಅಂತರದಲ್ಲಿದ್ದರೆ ಎರಡು ಹೆಜ್ಜೆ, 4 ಸೆಂ.ಮೀ. ಅಂತರದ ಹಳೆಯ ಮಾದರಿಯಾದರೆ ಒಂದು ಹೆಜ್ಜೆ. ರಂಧ್ರಗಳ ಬದಲು ಬರ್ಟನ್ ಕಂಪನಿಯ ಚಾನೆಲ್ (ಉದ್ದದ ಸೀಳು) ಇದ್ದರೆ ಟೇಪ್ ಹಿಡಿದು ಅಳೆದು ಸರಿಸಿ. ನಿಮ್ಮ ಕಾಲುಗಳ ನಡುವೆ 55 ಸೆಂ.ಮೀ. ಇದೆ ಎಂದುಕೊಳ್ಳೋಣ. ಈಗ 156ರಲ್ಲಿ ಮುಂದಿನ ಕಾಲಿನ ಮುಂದೆ ಐವತ್ತೂವರೆ, ಹಿಂದಿನ ಕಾಲಿನ ಹಿಂದೆಯೂ ಐವತ್ತೂವರೆ. ಸರಿಸಿದ ಮೇಲೆ ಮುಂದೆ 54.5, ಹಿಂದೆ 46.5. ಅಷ್ಟಕ್ಕೇ ಮೂತಿ ಮೇಲೆ ನಿಲ್ಲತೊಡಗಿದರೆ ನಿಮ್ಮ ತೊಂದರೆ ಉದ್ದದ್ದಲ್ಲ, ಕಾಲು ನಿಲ್ಲುವ ಜಾಗದ್ದು ಎಂದು ಖಾತ್ರಿಯಾಯಿತು. ಗಟ್ಟಿ ಹಿಮದ ದಿನ ಮಾತ್ರ ಮರೆಯದೆ ಮಧ್ಯಕ್ಕೆ ತನ್ನಿ. ಟ್ವಿನ್ ಬೋರ್ಡಿನ ಸೈಡ್‌ಕಟ್ ಅತಿ ಕಿರಿದಾಗುವ ಜಾಗ ಬೋರ್ಡಿನ ನಟ್ಟನಡುವೆಯೇ ಇರುತ್ತದೆ. ನೀವು ಅದರ ಹಿಂದೆ ನಿಂತರೆ ತಿರುವು ತಡವಾಗಿ ಶುರುವಾಗುತ್ತದೆ, ಮುಗಿಯುವಾಗ ಬಾಲ ಕಚ್ಚಿ ಹಿಡಿಯುತ್ತದೆ.

ತೊಡೆ ಯಾಕೆ ಉರಿಯುತ್ತದೆ ಎಂಬುದರಲ್ಲೇ ಬೋರ್ಡ್ ಆಯ್ಕೆಯ ಅರ್ಧ ಉತ್ತರವಿದೆ. ಪೌಡರ್‌ನಲ್ಲಿ ಬೋರ್ಡ್ ಮೇಲೆ ಬರುವುದು ತೇಲುವ ಗುಣದಿಂದಲ್ಲ. ವೇಗದಲ್ಲಿ ಹೋಗುವಾಗ ಅಡಿಭಾಗ ಹಿಮವನ್ನು ಕೆಳಕ್ಕೆ ಒತ್ತುತ್ತದೆ, ಹಿಮ ಬೋರ್ಡನ್ನು ಮೇಲಕ್ಕೆ ಒತ್ತುತ್ತದೆ. ಆ ಒತ್ತಡ ಹುಟ್ಟಬೇಕಾದರೆ ಮೂತಿ ಬಾಲಕ್ಕಿಂತ ಸ್ವಲ್ಪ ಎತ್ತರದಲ್ಲಿರಬೇಕು. ಟ್ವಿನ್ ಬೋರ್ಡ್ ತಾನಾಗಿ ಆ ಕೋನ ಕೊಡುವುದಿಲ್ಲ. ಪೂರ್ತಿ ಕ್ಯಾಂಬರ್ ಆದರಂತೂ ಮೂತಿಯ ಸಂಪರ್ಕಬಿಂದುವನ್ನು (ಬೋರ್ಡ್ ನೆಲಕ್ಕೆ ತಾಗುವ ಜಾಗವನ್ನು) ಕೆಳಕ್ಕೇ ಒತ್ತುತ್ತದೆ. ಆಗ ಕೋನವನ್ನು ನೀವೇ ಹುಟ್ಟಿಸಬೇಕು. ಹಿಂದಿನ ಮಂಡಿ ಬಗ್ಗಿಸಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ, ಇಳಿದು ಮುಗಿಯುವವರೆಗೂ ಹಾಗೇ ಕುಳಿತಿರಬೇಕು. ತೊಡೆ ಉರಿಯುವುದು ಇದರಿಂದ. ಮರಗಳ ನಡುವೆ ತಿರುಗಲಾಗದಿರುವುದಕ್ಕೂ ಮೂಲ ಇದೇ: ಹಿಂದಕ್ಕೆ ವಾಲಿದವನ ಮುಂದಿನ ಕಾಲಿನಲ್ಲಿ ಭಾರವಿರುವುದಿಲ್ಲ, ತಿರುವು ಶುರುವಾಗುವುದೋ ಮುಂದಿನ ಕಾಲಿನಿಂದ. ಒಳ್ಳೆಯ ಪೌಡರ್ ಬೋರ್ಡ್ ಮಾಡುವ ಮುಖ್ಯ ಕೆಲಸವೆಂದರೆ ಆ ಕೋನವನ್ನು ತಾನೇ ಹಿಡಿದುಕೊಂಡು ನಿಮ್ಮನ್ನು ನೆಟ್ಟಗೆ, ಎರಡೂ ಕಾಲಿನ ಮೇಲೆ ನಿಲ್ಲಲು ಬಿಡುವುದು.

ಇನ್ನು ಉದ್ದದ ವಿಷಯ. ಪೌಡರ್ ಎಂದರೆ ಉದ್ದದ ಬೋರ್ಡ್ ಎಂಬುದು ಎಲ್ಲ ಬೋರ್ಡ್‌ಗಳೂ ಒಂದೇ ಅಗಲ, ಒಂದೇ ಆಕಾರ ಇದ್ದ ಕಾಲದ ಸಲಹೆ. ಲೆಕ್ಕ ಹಾಕಿ ನೋಡಿ. ಬೋರ್ಡಿನ ಸರಾಸರಿ ಅಗಲ 27 ಸೆಂ.ಮೀ. ಎಂದು ಹಿಡಿದರೆ ಉದ್ದ 1 ಸೆಂ.ಮೀ. ಹೆಚ್ಚಿದಾಗ ಅಡಿಭಾಗದ ವಿಸ್ತೀರ್ಣ ಸುಮಾರು 27 ಚದರ ಸೆಂ.ಮೀ. ಹೆಚ್ಚುತ್ತದೆ. ಅಗಲವನ್ನೇ 1 ಸೆಂ.ಮೀ. ಹೆಚ್ಚಿಸಿದರೆ, ಮೂತಿ ಬಾಲಗಳ ದುಂಡು ಕಳೆದರೂ, ಸುಮಾರು 140 ಚದರ ಸೆಂ.ಮೀ. ಸಿಗುತ್ತದೆ. ಅಂದರೆ ಒಂದು ಸೆಂಟಿಮೀಟರ್ ಅಗಲ ಹತ್ತಿರ ಹತ್ತಿರ ಐದು ಸೆಂಟಿಮೀಟರ್ ಉದ್ದಕ್ಕೆ ಸಮ. ಸೊಂಟ 26.8 ಇರುವ 152 ಬೋರ್ಡಿಗೂ, ಸೊಂಟ 25.5 ಇರುವ 158ಕ್ಕೂ ಅಡಿಯ ವಿಸ್ತೀರ್ಣ ಬಹುತೇಕ ಒಂದೇ. ನಿಮ್ಮ ಗೆಳೆಯನ ಮಾತು ಹುಸಿಯಲ್ಲ ಎನ್ನುವುದು ಇದಕ್ಕೇ. ಕೆಸರುಗದ್ದೆಯಲ್ಲಿ ಹಲಗೆ ಹಾಸಿ ನಡೆಯುವವರು ಹಲಗೆಯ ಉದ್ದ ಮಾತ್ರ ನೋಡುವುದಿಲ್ಲವಲ್ಲ, ಹಾಗೆ.

164ರಲ್ಲಿ ವಿಸ್ತೀರ್ಣದ ಜೊತೆಗೆ ನಿಮಗೆ ಬೇಡದ್ದೂ ಬರುತ್ತದೆ. ಕಚ್ಚುವ ಅಂಚಿನ ಉದ್ದ ಹೆಚ್ಚು, ತಿರುಗಿಸುವಾಗ ತೂಗಬೇಕಾದ ಭಾರ ಹೆಚ್ಚು. ಒಂದೇ ಮಾದರಿಯಲ್ಲಿ ಸೈಜು ದೊಡ್ಡದಾದಂತೆ ಬಿಗುವೂ ಏರುತ್ತದೆ, ಏಕೆಂದರೆ ಅದನ್ನು ಹೆಚ್ಚು ತೂಕದವರಿಗೆಂದು ಮಾಡಿರುತ್ತಾರೆ. ತೂಕದ ಚಾರ್ಟ್ ನೋಡುವಾಗ ಹಿಮಕುಸಿತದ ರಕ್ಷಣೆಯ ಉಪಕರಣ, ನೀರು, ಊಟ ತುಂಬಿದ ಬ್ಯಾಗಿನ ಆರು ಕೆ.ಜಿ. ಸೇರಿಸಿ 80 ಎಂದು ಹಿಡಿಯಿರಿ. ಬಹಳ ಜನ ಸ್ನಾನದ ಮನೆಯ ತಕ್ಕಡಿಯ ಅಂಕಿಯನ್ನೇ ಹೇಳಿ ಒಂದು ಸೈಜು ಚಿಕ್ಕದು ತರುತ್ತಾರೆ. 80 ಹಿಡಿದರೂ ಹೆಚ್ಚಿನ ಕಂಪನಿಗಳ ಚಾರ್ಟಿನಲ್ಲಿ ನೀವು 158ರ ಮಧ್ಯಭಾಗದಲ್ಲಿರುತ್ತೀರಿ, 164ರ ಕೆಳತುದಿಯಲ್ಲಿ. ಸವಾರನ ತೂಕಕ್ಕೆ ಬಾಗದ ಬೋರ್ಡ್ ಪೌಡರ್‌ನಲ್ಲಿ ನೆಟ್ಟಗೆ ಹೋಗುತ್ತದೆ, ತಿರುಗುವುದಿಲ್ಲ. ಬಯಲಾದ ದೊಡ್ಡ ಇಳಿಜಾರಿನಲ್ಲಿ ಅದು ಸುಖ. ಮರಗಳ ನಡುವೆ ಅಪಾಯ.

ಅಗಲವನ್ನು ಬೂಟಿಗೆ ಹೊಂದಿಸುವುದರಲ್ಲಿ ನುರಿತವರೂ ಎಡವುತ್ತಾರೆ, ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ. ಅಮೆರಿಕದ 9 ಎಂದರೆ ಮೊಂಡೊ ಅಳತೆಯಲ್ಲಿ 27, ಅಂದರೆ ಪಾದ 27 ಸೆಂ.ಮೀ. ಬೂಟಿನ ಹೊರ ಅಟ್ಟೆ ಸುಮಾರು 30 ಸೆಂ.ಮೀ. ಇರುತ್ತದೆ, ಮನೆಯಲ್ಲೇ ಅಳೆಯಿರಿ, ಕಂಪನಿಯಿಂದ ಕಂಪನಿಗೆ ಒಂದು ಸೆಂಟಿಮೀಟರ್‌ವರೆಗೆ ವ್ಯತ್ಯಾಸ ಬರುತ್ತದೆ. ಬೋರ್ಡಿನಲ್ಲಿ ನೋಡಬೇಕಾದದ್ದು ಸೊಂಟದ ಅಗಲವನ್ನಲ್ಲ, ಕಾಲು ನಿಲ್ಲುವ ಜಾಗದ ಅಗಲವನ್ನು. 8 ಮೀಟರ್ ಸೈಡ್‌ಕಟ್‌ನಲ್ಲಿ ನಡುವಿನಿಂದ ಇಪ್ಪತ್ತೇಳೂವರೆ ಸೆಂ.ಮೀ. ದೂರ ಹೋದರೆ ಬೋರ್ಡ್ ಹೆಚ್ಚುಕಡಿಮೆ 1 ಸೆಂ.ಮೀ. ಅಗಲವಾಗಿರುತ್ತದೆ. ನಿಮ್ಮ ಈಗಿನ ಬೋರ್ಡಿನಲ್ಲಿ ಅದು 25.9. ಹಿಂದಿನ ಕಾಲು, ಬೋರ್ಡಿಗೆ ಅಡ್ಡವಾದ ಗೆರೆಯಿಂದ ಮೂತಿಯ ಕಡೆಗೆ, 3 ಡಿಗ್ರಿಯಲ್ಲಿದ್ದರೆ 30 ಸೆಂ.ಮೀ. ಬೂಟು ಎರಡೂ ಬದಿಗೆ ತಲಾ 2 ಸೆಂ.ಮೀ. ಹೊರಗೆ ಚಾಚಿರುತ್ತದೆ. ಹಿಮದಿಂದ ಅಟ್ಟೆಯ ಎತ್ತರ, ಬೋರ್ಡಿನ ದಪ್ಪವೂ ಬೈಂಡಿಂಗಿನ ತಳವೂ ಸೇರಿ, ಸುಮಾರು 3 ಸೆಂ.ಮೀ. ಹಾಗಾದರೆ ಬೋರ್ಡನ್ನು 56 ಡಿಗ್ರಿಯಷ್ಟು ವಾಲಿಸಿದಾಗ ಬೂಟಿನ ತುದಿ ಹಿಮಕ್ಕೆ ತಾಗುತ್ತದೆ, ಅಂಚು ಮೇಲೆದ್ದು ನೀವು ಜಾರಿಬೀಳುತ್ತೀರಿ. ಸೊಂಟ 25.8 ಇದ್ದರೆ ಚಾಚು 1.6ಕ್ಕೆ ಇಳಿಯುತ್ತದೆ, ತಾಗುವ ಕೋನ 62 ಡಿಗ್ರಿಗೆ ಏರುತ್ತದೆ. ಮುಂದಿನ ಕಾಲು 18 ಡಿಗ್ರಿಯಲ್ಲಿರುವುದರಿಂದ ಅಲ್ಲಿ ಈ ತೊಂದರೆ ಇಲ್ಲ.

ಹಾಗೆಂದು 27ರ ಸೊಂಟಕ್ಕೆ ಹೋಗಬೇಡಿ. ಅಂಚು ಬದಲಿಸುವಾಗ ಸನ್ನೆಯ ಕೆಲಸ ಮಾಡುವುದು ಬೂಟಲ್ಲ, ಒಳಗಿನ ಪಾದ. ಪಾದಕ್ಕಿಂತ ಬೋರ್ಡ್ ಒಂದು ಸೆಂಟಿಮೀಟರಿಗೂ ಹೆಚ್ಚು ಅಗಲವಾಗಿದ್ದರೆ ಹಿಮ್ಮಡಿ ಕಡೆಯಿಂದ ಬೆರಳ ಕಡೆಗೆ ಹೊರಳುವುದು ನಿಧಾನವಾಗುತ್ತದೆ. ಪೌಡರ್‌ನಲ್ಲಿ ಇದು ಗೊತ್ತಾಗುವುದಿಲ್ಲ, ಏಕೆಂದರೆ ಅಲ್ಲಿ ಅಂಚಿಗಿಂತ ಅಡಿಭಾಗವೇ ಕೆಲಸ ಮಾಡುತ್ತದೆ. ಮಧ್ಯಾಹ್ನ ಲಿಫ್ಟಿಗೆ ಮರಳುವ ಗಟ್ಟಿ ದಾರಿಯಲ್ಲಿ ಕಣಕಾಲು, ಮಂಡಿ ಎರಡೂ ಹೇಳಿಕೊಡುತ್ತವೆ.

ಟೇಪರ್ ಎಂದರೆ ಮೂತಿಯ ಅತಿ ಹೆಚ್ಚು ಅಗಲದಿಂದ ಬಾಲದ ಅತಿ ಹೆಚ್ಚು ಅಗಲವನ್ನು ಕಳೆದರೆ ಉಳಿಯುವುದು. ಬಾಲ ಕಿರಿದಾದಷ್ಟೂ ಬೇಗ ತಗ್ಗುತ್ತದೆ, ಮೂತಿ ತಾನಾಗಿ ಏಳುತ್ತದೆ, ತಿರುವಿನ ಕೊನೆಗೆ ಬಾಲ ತಡೆಯಿಲ್ಲದೆ ಬಿಡಿಸಿಕೊಳ್ಳುತ್ತದೆ. 5 ಮಿ.ಮೀ. ಟೇಪರ್ ಹೆಸರಿಗಷ್ಟೆ. 12 ದಾಟಿದ ಮೇಲೆ ಕಾಲಿಗೆ ಗೊತ್ತಾಗುತ್ತದೆ. 25 ದಾಟಿದರೆ ಗಟ್ಟಿ ಹಿಮದ ಕಡಿದಾದ ಜಾಗದಲ್ಲಿ, ಅದರಲ್ಲೂ ಹಿಮ್ಮಡಿ ಅಂಚಿನ ತಿರುವು ಮುಗಿಯುವಾಗ, ಬಾಲ ಜಾರುತ್ತದೆ. ಬಂಡೆಯಿಂದ ಹಾರಿ ಇಳಿಯುವಾಗ ಬಾಲದಲ್ಲಿ ಆಸರೆ ಸಿಗುವುದಿಲ್ಲ. ಬೇಕರ್‌ನಂಥ ಕಡಿದಾದ ಗುಡ್ಡದಲ್ಲಿ ಸವಾರಿ ಮಾಡುವವರಿಗೆ 20ನ್ನು ಮಿತಿಯೆಂದು ಹೇಳುತ್ತಿರುವುದು ಇದಕ್ಕೇ.

ಸೆಟ್‌ಬ್ಯಾಕ್ (ಕಾಲು ನಿಲ್ಲುವ ಜಾಗ ನಡುವಿನಿಂದ ಎಷ್ಟು ಹಿಂದಿದೆ ಎಂಬ) ಅಂಕಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಕೆಲವು ಕಂಪನಿಗಳು ಅದನ್ನು ಇಡೀ ಬೋರ್ಡಿನ ನಡುವಿನಿಂದ ಅಳೆಯುತ್ತವೆ, ಕೆಲವು ಕಚ್ಚುವ ಅಂಚಿನ ನಡುವಿನಿಂದ. ಮೂತಿ ಉದ್ದ, ಬಾಲ ಗಿಡ್ಡ ಇರುವ ಬೋರ್ಡಿಗೆ 2 ಸೆಂ.ಮೀ. ಎಂದು ಬರೆದಿದ್ದರೂ ಇಡೀ ಬೋರ್ಡಿನ ಲೆಕ್ಕದಲ್ಲಿ ಅದು 5 ಅಥವಾ 6 ಆಗಿರಬಹುದು. ಅಂಗಡಿಗೆ ಟೇಪ್ ತೆಗೆದುಕೊಂಡು ಹೋಗಿ. ಕಂಪನಿ ಗುರುತು ಹಾಕಿದ ಮುಂದಿನ ಬೈಂಡಿಂಗ್ ಕೇಂದ್ರದಿಂದ ಮೂತಿಯ ತುದಿಗೆ ಎಷ್ಟು, ಹಿಂದಿನದರಿಂದ ಬಾಲದ ತುದಿಗೆ ಎಷ್ಟು, ಇವೆರಡನ್ನು ಬರೆದುಕೊಳ್ಳಿ. 158ರಲ್ಲಿ 55ರ ನಿಲುವಿಗೆ ಮುಂದೆ 57, ಹಿಂದೆ 46 ಆಸುಪಾಸು ಬಂದರೆ ನಿಮಗೆ ಬೇಕಾದ್ದು ಸಿಕ್ಕಿತು. ಎರಡರ ವ್ಯತ್ಯಾಸ 5ಕ್ಕಿಂತ ಕಡಿಮೆ ಇದ್ದರೆ ಅದು ಫ್ರೀರೈಡ್ ಎಂಬ ಚೀಟಿ ಅಂಟಿಸಿದ ಸಾಮಾನ್ಯ ಆಲ್‌ಮೌಂಟನ್ ಬೋರ್ಡ್.

ಕ್ಯಾಂಬರ್ ಪರೀಕ್ಷೆಗೆ ಒಂದು ಹಾಳೆ ಸಾಕು. ಬೋರ್ಡನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ಮೂತಿಯ ಕಡೆಯಿಂದ ಹಾಳೆಯನ್ನು ಅಡಿಗೆ ತಳ್ಳಿ. ಅದು ಎಲ್ಲಿ ತಡೆದು ನಿಲ್ಲುತ್ತದೋ ಅದೇ ಮುಂದಿನ ಸಂಪರ್ಕಬಿಂದು. ಪೂರ್ತಿ ಕ್ಯಾಂಬರ್ ಬೋರ್ಡಿನಲ್ಲಿ ಹಾಳೆ ಮೂತಿಯ ತಿರುವಿನ ಬುಡದಲ್ಲೇ ನಿಲ್ಲುತ್ತದೆ. ಫ್ರೀರೈಡ್ ಬೋರ್ಡಿನಲ್ಲಿ ಮುಂದಿನ ಬೈಂಡಿಂಗಿನಿಂದ ಒಂದು ಗೇಣು ದೂರಕ್ಕೆ ಬಂದು ನಿಲ್ಲಬೇಕು. ಬಾಲದ ಕಡೆ ಹಾಗಲ್ಲ, ತುದಿಯ ಹತ್ತಿರವೇ ನಿಲ್ಲಲಿ. ಕಡಿದಾದ ಕಡೆ ಹಿಡಿತ ಬರುವುದು ಅಲ್ಲಿಂದ. ಮೂತಿಯಿಂದ ಬಾಲದವರೆಗೆ ಬರೀ ರಾಕರ್ ಇರುವ ಬೋರ್ಡ್‌ಗಳು ಪೌಡರ್‌ನಲ್ಲಿ ಸಲೀಸು, ಮಂಜುಗಡ್ಡೆಯಂಥ ನೆಲದಲ್ಲಿ ಗಡಗಡ ನಡುಗುತ್ತವೆ. ವಾಷಿಂಗ್ಟನ್‌ನಲ್ಲಿ ರಾತ್ರಿ ಮಳೆ ಬಿದ್ದು ಬೆಳಿಗ್ಗೆ ಹೆಪ್ಪುಗಟ್ಟುವುದು ನಿಮಗೆ ಹೊಸದಲ್ಲ.

ಬಿಗುವಿಗೆ ಉದ್ಯಮದಲ್ಲಿ ಒಪ್ಪಿತ ಅಳತೆಯೇ ಇಲ್ಲ. ಒಬ್ಬರ 7 ಇನ್ನೊಬ್ಬರ 5. ಕೈಯಲ್ಲೇ ನೋಡಬೇಕು. ಬಾಲವನ್ನು ನೆಲಕ್ಕೂರಿ, ಒಂದು ಕೈಯಲ್ಲಿ ಮೂತಿ ಹಿಡಿದು, ಇನ್ನೊಂದು ಕೈಯಿಂದ ಮುಂದಿನ ಇನ್ಸರ್ಟ್‌ಗಳ ಹತ್ತಿರ ಒತ್ತಿ. ಆಮೇಲೆ ತಲೆಕೆಳಗು ಮಾಡಿ ಬಾಲಕ್ಕೂ ಹಾಗೇ ಮಾಡಿ. ಮೂತಿ ಮೆತ್ತಗೆ, ಬಾಲ ಬಿಗುವಾಗಿ ಇರಬೇಕು. ಕೊನೆಗೆ ಮೂತಿಯ ಎರಡು ಅಂಚು ಹಿಡಿದು ತಿರುಚಿ ನೋಡಿ. ಗಾಜುನಾರಿನ ಬಟ್ಟೆಯನ್ನು ಮೂರು ದಿಕ್ಕಿಗೆ ನೇಯ್ದ ಟ್ರೈಯಾಕ್ಸ್ ಬೋರ್ಡ್ ತಿರುಚಲು ಗಟ್ಟಿ, ಎರಡು ದಿಕ್ಕಿನ ಬೈಯಾಕ್ಸ್ ಸಡಿಲ. ವೇಗದಲ್ಲಿ ಟ್ರೈಯಾಕ್ಸ್ ಗಟ್ಟಿಯಾಗಿ ನಿಲ್ಲುತ್ತದೆ, ಮರಗಳ ನಡುವೆ ಬೈಯಾಕ್ಸ್ ಬೇಗ ಮಾತು ಕೇಳುತ್ತದೆ. ಕಾರ್ಬನ್ ಪಟ್ಟಿಗಳ ಬಗ್ಗೆ ಜಾಹೀರಾತಿನಲ್ಲಿ ಬರುವುದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ.

ನೀವು ಹೋಗುವ ಎರಡು ಕಡೆಯ ಹಿಮ ಬೇರೆ ಬೇರೆ ಎಂಬುದು ಇವೆಲ್ಲಕ್ಕಿಂತ ಮುಖ್ಯ. ಕ್ಯಾಸ್ಕೇಡ್ ಬೆಟ್ಟಸಾಲಿಗೆ ಮೋಡ ಬರುವುದು ನೇರ ಪೆಸಿಫಿಕ್‌ನಿಂದ, ಸ್ಟೀವನ್ಸ್ ಪಾಸ್‌ನ ಬುಡ ಇರುವುದು 1,240 ಮೀಟರ್ ಎತ್ತರದಲ್ಲಷ್ಟೆ. ಹಾಗಾಗಿ ಬೀಳುವ ಹಿಮ ಸೊನ್ನೆ ಡಿಗ್ರಿಯ ಹತ್ತಿರ, ನೀರಿನಂಶ ಹೆಚ್ಚು; ಅಲ್ಲಿನವರು ಅದನ್ನು ಕ್ಯಾಸ್ಕೇಡ್ ಕಾಂಕ್ರೀಟ್ ಎಂದೇ ಕರೆಯುತ್ತಾರೆ. ಪ್ರಮಾಣಕ್ಕೇನೂ ಕೊರತೆಯಿಲ್ಲ: 1998–99ರ ಋತುವಿನಲ್ಲಿ ಮೌಂಟ್ ಬೇಕರ್‌ನಲ್ಲಿ ಬಿದ್ದ 1,140 ಇಂಚು, ಅಂದರೆ ಸುಮಾರು 29 ಮೀಟರ್ ಹಿಮ ದಾಖಲೆ ಮಾಡಿತ್ತು. ಭಾರದ ಹಿಮ ಬೋರ್ಡನ್ನು ಚೆನ್ನಾಗಿಯೇ ಹೊರುತ್ತದೆ. ಆದರೆ ಮೂತಿ ಒಮ್ಮೆ ಒಳಹೊಕ್ಕರೆ ಹಿಡಿದು ನಿಲ್ಲಿಸಿಬಿಡುತ್ತದೆ, ಸವಾರ ಮುಂದಕ್ಕೆ ಮಗುಚುತ್ತಾನೆ. ಹತ್ತೂವರೆಯ ಹೊತ್ತಿಗೆ ಎಲ್ಲರೂ ಓಡಾಡಿ ಅದೇ ಹಿಮ ಗಟ್ಟಿ ಹೆಂಟೆಗಳಾಗುತ್ತದೆ. ಅಲ್ಲಿ ಬೇಕಾಗುವುದು ಎತ್ತಿದ ಮೂತಿಯ, ನಡುಕ ನುಂಗುವ, ಸ್ವಲ್ಪ ತೂಕವಿರುವ ಬೋರ್ಡ್. ಹಗುರ ಮಾಡಲೆಂದು ಪಾಲೋನಿಯಾ ಮರ ಜಾಸ್ತಿ ಹಾಕಿದ ಬೋರ್ಡ್‌ಗಿಂತ ಪಾಪ್ಲರ್ ಅಥವಾ ಬಿದಿರು ಬೆರೆತ ತಿರುಳು ಇಲ್ಲಿ ಮೇಲು.

ನಿಸೆಕೊ ಇರುವ ಹೊಕ್ಕೈಡೊ ದ್ವೀಪದಲ್ಲಿ ಸೈಬೀರಿಯಾದ ಒಣ ಚಳಿಗಾಳಿ ಜಪಾನ್ ಸಮುದ್ರ ದಾಟುವಾಗ ತೇವ ಹೀರಿಕೊಂಡು ಬಂದು ಬೆಟ್ಟಕ್ಕೆ ಬಡಿದು ಸುರಿಸುತ್ತದೆ. ಚಳಿ ಇಳಿಯದ ಕಾರಣ ಆ ಹಿಮ ಒಣ, ಹಗುರ, ಮತ್ತು ಜನವರಿಯಲ್ಲಿ ದಿನ ಬಿಟ್ಟು ದಿನ ಬೀಳುತ್ತದೆ. ನಿಸೆಕೊದ ಇಳಿಜಾರು ಮಾತ್ರ ಬೇಕರ್‌ನಷ್ಟು ಕಡಿದಲ್ಲ. ಭೂರ್ಜ ಮರಗಳು ದೂರ ದೂರ ನಿಂತಿರುತ್ತವೆ, ನಡುನಡುವೆ ಚಪ್ಪಟೆ ಜಾಗಗಳೂ ಇವೆ. ಹಗುರ ಹಿಮ, ಕಡಿಮೆ ಇಳಿಜಾರು, ಎರಡೂ ಸೇರಿದಾಗ ವೇಗ ಸಾಯುತ್ತದೆ, ವೇಗ ಸತ್ತರೆ ಬೋರ್ಡ್ ಮುಳುಗುತ್ತದೆ. ಅಲ್ಲಿ ಬಿಗುವು ಬೇಕಾಗಿಲ್ಲ. ಅಡಿಯ ವಿಸ್ತೀರ್ಣ, ಉದ್ದ ಮೂತಿ, ಚೆನ್ನಾಗಿ ಮೇಣ ಹೀರಿದ ತಳ ಬೇಕು. ಅಗಲದ ಕುಳ್ಳ ಬೋರ್ಡ್‌ಗಳೂ ಸ್ವಾಲೋಟೇಲ್‌ಗಳೂ ಅಲ್ಲಿ ಅಷ್ಟು ಕಾಣುವುದು ಸುಮ್ಮನೆ ಅಲ್ಲ. ಸರ್ಫ್‌ಬೋರ್ಡಿನ ಆಕಾರಗಳನ್ನು ಹಿಮಕ್ಕೆ ತಂದ ತಾರೊ ತಮಾಯ್ ಅವರ ಜೆಂಟೆಮ್‌ಸ್ಟಿಕ್ ನಿಸೆಕೊದ್ದೇ.

ನಿಮಗೆ ಋತುವಿಡೀ ಕ್ಯಾಸ್ಕೇಡ್, ಒಂದು ವಾರ ಹೊಕ್ಕೈಡೊ. ಬೋರ್ಡ್ ಒಂದೇ ಆದರೆ ಅದು ಕ್ಯಾಸ್ಕೇಡ್‌ಗೆ ತಕ್ಕದ್ದಾಗಿರಲಿ. ನಿಸೆಕೊದಲ್ಲಿ ಆಸೆಯಾದರೆ ಒಂದೆರಡು ದಿನಕ್ಕೆ ಕುಳ್ಳ ಬೋರ್ಡನ್ನು ಬಾಡಿಗೆಗೆ ತೆಗೆದುಕೊಳ್ಳಿ, ಅಲ್ಲಿನ ಅಂಗಡಿಗಳಲ್ಲಿ ಒಳ್ಳೆಯವೇ ಸಿಗುತ್ತವೆ. ಭಾರತಕ್ಕೆ ಬಂದಾಗ ಗುಲ್ಮಾರ್ಗ್‌ಗೆ ಹೋಗುವ ಯೋಚನೆಯಿದ್ದರೂ ಇದೇ 158 ನಡೆಯುತ್ತದೆ. ಗೊಂಡೊಲದ ಎರಡನೆಯ ಹಂತ ಇಳಿಸುವ ಅಫರ್ವತ್‌ನ ಮೇಲ್ಭಾಗ ಬಯಲು, ಗಾಳಿಗೆ ಗಟ್ಟಿಯಾದ ಪದರಗಳೂ ಸಿಗುತ್ತವೆ. ಕುಳ್ಳ ಬೋರ್ಡ್ ಅಲ್ಲಿ ಕೈಕೊಡುತ್ತದೆ.

ಹೆಸರು ಹೇಳಲೇಬೇಕೆಂದರೆ, ಜೋನ್ಸ್ ಫ್ಲ್ಯಾಗ್‌ಶಿಪ್, ಬರ್ಟನ್ ಫ್ಲೈಟ್ ಅಟೆಂಡೆಂಟ್ ನಾವು ಹೇಳುತ್ತಿರುವ ಜಾತಿಯವು. ಇವುಗಳಲ್ಲಿ ಫ್ಲ್ಯಾಗ್‌ಶಿಪ್ ಹೆಚ್ಚು ಬಿಗುವು, ವೇಗದವರಿಗೆ. ಮರಗಳ ನಡುವಿನ ನಿಧಾನ ತಿರುವು ನಿಮ್ಮ ಮುಖ್ಯ ದೂರು ಆದ್ದರಿಂದ ಎರಡನ್ನೂ ಡೆಮೊ ದಿನದಲ್ಲಿ ಏರಿ ನೋಡಿ, ಓದಿ ಆರಿಸಬೇಡಿ. ಕುಳ್ಳ, ಅಗಲದ ಜಾತಿಯಲ್ಲಿ ಲಿಬ್ ಟೆಕ್ ಓರ್ಕಾ, ಜೋನ್ಸ್ ಸ್ಟಾರ್ಮ್ ಚೇಸರ್ ಇವೆ. ಓರ್ಕಾದ ಅಂಚು ಅಲೆಅಲೆಯಾಗಿರುವುದರಿಂದ ಗಟ್ಟಿ ನೆಲದಲ್ಲಿ ತನ್ನ ಅಗಲಕ್ಕೆ ಮೀರಿ ಹಿಡಿಯುತ್ತದೆ, ಆದರೆ ಆ ಅಂಚನ್ನು ಸಾಣೆ ಹಿಡಿಸುವ ಮುನ್ನ ಅಂಗಡಿಯವರಿಗೆ ಹೇಳಿ. ನೇರ ಅಂಚಿನಂತೆ ಮೆಷಿನಿಗೆ ಕೊಟ್ಟರೆ ಅಲೆಗಳು ಸವೆಯುತ್ತವೆ. ಕುಳ್ಳ ಬೋರ್ಡಿಗೆ ನಿಮ್ಮ ಎಂದಿನ ಉದ್ದದಿಂದ 4ರಿಂದ 6 ಸೆಂ.ಮೀ. ಇಳಿಸುವುದು ವಾಡಿಕೆ. ಸ್ವಾಲೋಟೇಲ್ ಇವೆಲ್ಲಕ್ಕಿಂತ ಹಳೆಯದು, 1970ರ ದಶಕದಲ್ಲಿ ಯೂಟಾದ ಆಳ ಹಿಮಕ್ಕೆಂದು ಡಿಮಿಟ್ರಿ ಮಿಲೊವಿಚ್ ವಿಂಟರ್‌ಸ್ಟಿಕ್ ಹೆಸರಿನಲ್ಲಿ ಮಾಡಿದ್ದು. ಸೀಳಿದ ಬಾಲ ಟೇಪರ್‌ನ ಕೆಲಸವನ್ನೇ ಇನ್ನೂ ಜೋರಾಗಿ ಮಾಡುತ್ತದೆ. ವರ್ಷಕ್ಕೆ ನಾಲ್ಕಾರು ದಿನದ ಸುಖ.

ಮನೆಗೆ ತಂದ ಮೇಲೆ ಬೈಂಡಿಂಗ್ ಹಾಕುವಲ್ಲಿ ಅವಸರ ಬೇಡ. ಕಂಪನಿಯ ಗುರುತಿನಲ್ಲೇ ಶುರುಮಾಡಿ. ಸೆಟ್‌ಬ್ಯಾಕ್ ಅದರಲ್ಲೇ ಸೇರಿರುತ್ತದೆ, ಇನ್ನೂ ಹಿಂದೆ ಹೋದರೆ ಗಟ್ಟಿ ಹಿಮದಲ್ಲಿ ಬೋರ್ಡ್ ಮಾತು ಕೇಳುವುದಿಲ್ಲ. ಕೋನ ಮುಂದೆ 18, ಹಿಂದೆ 3. ಬಾತುಕೋಳಿ ನಿಲುವಿನಿಂದ (ಎರಡೂ ಪಾದ ಹೊರಮುಖವಾಗಿ ನಿಲ್ಲುವುದರಿಂದ) ಬರುತ್ತಿದ್ದರೆ ಹಿಂದಿನ ಕಾಲನ್ನು ಮೊದಲು ಸೊನ್ನೆಗೆ ತಂದು ಆಮೇಲೆ 3ಕ್ಕೆ ಹೋಗಿ, ಇಲ್ಲದಿದ್ದರೆ ಮಂಡಿ ನೋಯುತ್ತದೆ. ನಿಲುವನ್ನು ಎಂದಿಗಿಂತ ಒಂದು ಸೆಂ.ಮೀ. ಕಿರಿದು ಮಾಡಿ. ಬೂಟನ್ನು ಪಟ್ಟಿ ಬಿಗಿದು ಬೋರ್ಡನ್ನು ಕವುಚಿ ಹಾಕಿ, ಅಂಚಿಗೆ ನೇರ ಪಟ್ಟಿ ಹಿಡಿದು ಬೆರಳ ಕಡೆ ಎಷ್ಟು ಚಾಚಿದೆ, ಹಿಮ್ಮಡಿ ಕಡೆ ಎಷ್ಟು ಚಾಚಿದೆ ಅಳೆಯಿರಿ. ಎರಡೂ ಸಮ ಬರುವವರೆಗೆ ಡಿಸ್ಕನ್ನು ಅಡ್ಡಕ್ಕೆ ತಿರುಗಿಸಿ ಸರಿಹೊಂದಿಸಿ. ಬೈಂಡಿಂಗ್ ಜೊತೆ ಬಂದ ಎಂ6 ಸ್ಕ್ರೂಗಳನ್ನೇ ಬಳಸಿ. ಉದ್ದದ್ದು ಹಾಕಿದರೆ ತಳ ಒಳಗಿನಿಂದ ಉಬ್ಬುತ್ತದೆ, ಗಿಡ್ಡದ್ದು ಹಾಕಿದರೆ ಎರಡೇ ಸುತ್ತು ಕಚ್ಚಿ, ಹಾರಿದಾಗ ಕಿತ್ತುಬರುತ್ತದೆ. 3ನೇ ನಂಬರ್ ಸ್ಕ್ರೂಡ್ರೈವರಿನಿಂದ ಕೈಬಲದಲ್ಲಿ ಬಿಗಿಯಿರಿ, ಮೊದಲ ಇಳಿತದ ನಂತರ ಮತ್ತೊಮ್ಮೆ. ಸ್ಕ್ರೂ ಅಂಟು ಹಾಕಬೇಡಿ, ಕೆಲವು ಪ್ಲಾಸ್ಟಿಕ್ ಡಿಸ್ಕ್‌ಗಳು ಅದಕ್ಕೆ ಬಿರುಕು ಬಿಡುತ್ತವೆ.

ಸಿಂಟರ್ಡ್ (ಮೇಣ ಹೀರುವ) ತಳವಿರುವ ಬೋರ್ಡ್ ಹೊಸದಾಗಿದ್ದಾಗ ಮೂರು ನಾಲ್ಕು ಸಲ ಮೇಣ ಕುಡಿಸಿ, ಹೆರೆದು, ಬ್ರಷ್ ಮಾಡಿ. ಇಸ್ತ್ರಿಯ ಶಾಖ ಮೇಣದ ಪೊಟ್ಟಣದ ಮೇಲೆ ಬರೆದಷ್ಟೇ ಇರಲಿ. ಹೊಗೆ ಎದ್ದರೆ ಹೆಚ್ಚಾಯಿತು ಎಂದರ್ಥ. ಒಂದೇ ಕಡೆ ನಿಲ್ಲಿಸಬೇಡಿ, ಮೇಲ್ಮೈ ಮುಟ್ಟಿದರೆ ಬೆಚ್ಚಗಿರಬೇಕು, ಬಿಸಿಯಾಗಬಾರದು. ಸ್ಟೀವನ್ಸ್‌ಗೆ ಸೊನ್ನೆಯ ಆಸುಪಾಸಿನ ಮೆದು ಮೇಣ, ನಿಸೆಕೊಗೆ ಚಳಿಯ ಗಟ್ಟಿ ಮೇಣ. ಮೆದು ಮೇಣ ಹಾಕಿಕೊಂಡು ಮೈನಸ್ ಹತ್ತಕ್ಕೆ ಹೋದರೆ ಚೂಪಾದ ಹಿಮಹರಳುಗಳು ಮೇಣಕ್ಕೆ ಚುಚ್ಚಿಕೊಂಡು ಬೋರ್ಡ್ ಓಡುವುದೇ ಇಲ್ಲ. ಫ್ಲೋರಿನ್ ಮೇಣದ ಗೋಜಿಗೆ ಹೋಗಬೇಡಿ. 2023–24ರ ಋತುವಿನಿಂದ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟವೂ ಅದನ್ನು ಸ್ಪರ್ಧೆಗಳಲ್ಲಿ ಪೂರ್ತಿ ನಿಷೇಧಿಸಿದೆ.

ಬೋರ್ಡ್ ಚೆನ್ನಾಗಿ ಓಡತೊಡಗಿದರೆ ನೀವು ಇನ್ನೂ ಆಳಕ್ಕೆ ಹೋಗುತ್ತೀರಿ, ಹಾಗಾಗಿ ಇದನ್ನೂ ಹೇಳಬೇಕು. ಮೌಂಟ್ ಬೇಕರ್‌ನಲ್ಲಿ ರೆಸಾರ್ಟಿನ ಗಡಿ ದಾಟುವವರ ಬಳಿ ಟ್ರಾನ್ಸ್‌ಸೀವರ್ (ಹಿಮದಡಿ ಹೂತವರನ್ನು ಹುಡುಕುವ ರೇಡಿಯೊ), ಸಲಿಕೆ, ಜೊತೆಗಾರ ಇರಲೇಬೇಕೆಂಬ ನಿಯಮವಿದೆ. 240 ಸೆಂ.ಮೀ.ಗೆ ಕಡಿಮೆಯಿಲ್ಲದ ಶೋಧಕೋಲನ್ನೂ ಇಟ್ಟುಕೊಳ್ಳಿ. ಟ್ರಾನ್ಸ್‌ಸೀವರ್‌ನಿಂದ ಮೊಬೈಲನ್ನು ಎಂದಿನ ಹೊತ್ತಿನಲ್ಲಿ 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ದೂರವಿಡಿ. ನಿಸೆಕೊದಲ್ಲಿ ಗೇಟು ತೆರೆದಾಗ ಗೇಟಿನ ಮೂಲಕವೇ ಹೊರಗೆ ಹೋಗಬೇಕು, ಹಗ್ಗದಡಿ ನುಸುಳಿದರೆ ಲಿಫ್ಟ್ ಪಾಸ್ ಕಿತ್ತುಕೊಳ್ಳುತ್ತಾರೆ. ಮರಗಳ ಬುಡದ ಹಳ್ಳದಲ್ಲಿ ತಲೆಕೆಳಗಾಗಿ ಬಿದ್ದು ಉಸಿರುಕಟ್ಟುವುದು ವಾಷಿಂಗ್ಟನ್‌ನ ದಟ್ಟ ಕೊಂಬೆಯ ಫರ್ ಮರಗಳಲ್ಲಿ ಹೆಚ್ಚು. ಜೊತೆಗಾರ ಕಣ್ಣಿಗೆ ಕಾಣುತ್ತಿರಬೇಕು, ಗುಡ್ಡದ ಬುಡದಲ್ಲಿ ಸಿಗೋಣ ಎಂದರೆ ಆಗಲಿಲ್ಲ.

ಇನ್ನು ಸೆಕೆಂಡ್ ಹ್ಯಾಂಡ್. ಧಾರಾಳವಾಗಿ ತಗೊಳ್ಳಿ, ಪೌಡರ್ ಬೋರ್ಡ್‌ಗಳು ವರ್ಷಕ್ಕೆ ಕೆಲವೇ ದಿನ ಹೊರಗೆ ಬರುವುದರಿಂದ ಹೆಚ್ಚು ಸವೆದಿರುವುದಿಲ್ಲ. ಮಾರ್ಚ್ ಕೊನೆಯಿಂದ ಹೊಸದೂ ಅಗ್ಗವಾಗುತ್ತದೆ, ಆದರೆ ನಿಮಗೆ ಜನವರಿಗೆ ಬೇಕಲ್ಲ. ನೋಡಲು ಹೋದಾಗ ಬೆಳಕಿಗೆ ಓರೆಯಾಗಿ ಹಿಡಿದು ತಳ ನೋಡಿ. ಅಂಚಿನುದ್ದಕ್ಕೆ ಬಿಳಿಚಿ ನಾರುನಾರಾಗಿದ್ದರೆ ಅದು ಬರೀ ಒಣಗಿದ್ದು, ಮೇಣದಿಂದ ಬಹುಪಾಲು ಸರಿಹೋಗುತ್ತದೆ. ಗೀರು ಎಷ್ಟೇ ಇರಲಿ ಪರವಾಗಿಲ್ಲ, ಮರದ ತಿರುಳು ಕಾಣುವ ಗಾಯ ಅಂಚಿಗೆ ತಾಗಿಕೊಂಡಿದ್ದರೆ ಬೇಡ, ನೀರು ಒಳಗೆ ಹೋಗಿರುತ್ತದೆ. ಮೂತಿಯಲ್ಲೂ ಬಾಲದಲ್ಲೂ ಪದರಗಳ ನಡುವೆ ಉಗುರು ತೂರಿಸಿ ನೋಡಿ. ಮೇಲ್ಭಾಗದಲ್ಲಿ ಇನ್ಸರ್ಟ್‌ಗಳ ಸುತ್ತ ಅಡ್ಡ ಬಿರುಕಿದೆಯೇ ನೋಡಿ. ನಿಮ್ಮದೇ ಒಂದು ಎಂ6 ಸ್ಕ್ರೂ ಒಯ್ದು ಪ್ರತಿ ರಂಧ್ರಕ್ಕೂ ಬೆರಳಿನಿಂದ ತಿರುಗಿಸಿ. ಒಂದೆರಡು ಹಾಳಾಗಿದ್ದರೂ ನಿಮ್ಮ ನಿಲುವಿಗೆ ಬೇಕಾದವು ಸರಿಯಿದ್ದರೆ ಬೆಲೆ ಇಳಿಸಿ ಕೇಳಬಹುದು. ಹಾಳೆಯ ಪರೀಕ್ಷೆಯನ್ನು ಇಲ್ಲೂ ಮಾಡಿ. ಕಾಲುಗಳ ನಡುವೆ ಬೋರ್ಡ್ ಮೇಜಿನಿಂದ ಎದ್ದಿರದೆ ಚಪ್ಪಟೆಯಾಗಿ ಕೂತಿದ್ದರೆ ಕ್ಯಾಂಬರ್ ಸತ್ತಿದೆ. ಉಕ್ಕಿನ ಅಂಚು ಸಾಣೆಗೆ ಸವೆದು 1 ಮಿ.ಮೀ.ಗಿಂತ ತೆಳ್ಳಗಾಗಿದ್ದರೆ, ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ ಬಿಟ್ಟು ಬನ್ನಿ.